ಅಕ್ಕನಿಗೊಂದು ಬೆವರುಕೋಣೆ

"ದಿಲ್ಲಿಯಲ್ಲಿ ಸೌನಾ ಯಾಕ್ರೀ? ಮೇ ತಿಂಗಳಲ್ಲಿ ಬಾಲ್ಕನೀಲಿ ಹೋಗಿ ನಿಂತ್ರೆ ಆಯ್ತಲ್ಲ!"

ಈ ಮಾತನ್ನು ನನಗೆ ಹೇಳದೆ ಬಿಟ್ಟವರು ನಮ್ಮ ಸೊಸೈಟಿಯಲ್ಲಿ ಯಾರೂ ಇಲ್ಲ. ಕನ್ನಡದವರು ಕನ್ನಡದಲ್ಲಿ ಹೇಳಿದರು, ಮಿಕ್ಕವರು ಹಿಂದಿಯಲ್ಲಿ ಹೇಳಿದರು. ಲಿಫ್ಟಿನಲ್ಲಿ ಹೇಳಿದರು, ತರಕಾರಿ ಭಯ್ಯಾನ ಗಾಡಿಯ ಹತ್ತಿರ ಹೇಳಿದರು. ಹೇಳಿದ ಪ್ರತಿಯೊಬ್ಬರೂ ಆ ಹಾಸ್ಯವನ್ನು ತಾವೇ ಕಂಡುಹಿಡಿದವರ ಹಾಗೆ ನಕ್ಕರು. ನಾನು ನಗಲಿಲ್ಲ. ಜನವರಿಯ ಬೆಳಗ್ಗೆ ಮಯೂರ್ ವಿಹಾರದ ನಮ್ಮ ಫ್ಲಾಟಿನಲ್ಲಿ, ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು, ಎರಡೆರಡು ಸ್ವೆಟರ್ ಹಾಕಿಕೊಂಡು, ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳಲಾಗದೆ ಬಾಚಣಿಗೆ ಹಿಡಿದು ಕೂತಿರುವ ಅಕ್ಕನನ್ನು ಇವರು ಯಾರೂ ನೋಡಿಲ್ಲ. ನೋಡಿದ್ದರೂ ಮೇ ತಿಂಗಳ ಮಾತನ್ನೇ ಆಡುತ್ತಿದ್ದರೋ ಏನೋ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಗುಮಾಸ್ತೆಯಾಗಿ ದಿಲ್ಲಿಗೆ ಬಂದಳು. ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷದಲ್ಲಿ ಹೋದಾಗ ಹತ್ತು ವರ್ಷದ ನನ್ನನ್ನೂ ಆರ್.ಕೆ.ಪುರಂನ ತನ್ನ ಕ್ವಾರ್ಟರ್ಸಿಗೆ ಕರೆದುಕೊಂಡು ಬಂದಳು. ಅವಳು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಈಗ ನಿವೃತ್ತಳಾಗಿ ನನ್ನ ಜೊತೆ, ನನ್ನ ಗಂಡನ ಜೊತೆ ಇದ್ದಾಳೆ. ಎತ್ತರ ನಾಲ್ಕು ಅಡಿ ಹತ್ತು ಇಂಚು, ಜಡೆ ಮಾತ್ರ ಸೊಂಟದವರೆಗೆ, ಈ ವಯಸ್ಸಿನಲ್ಲೂ ದಪ್ಪ.

ಕೆಲವು ವರ್ಷಗಳಿಂದ ಡಿಸೆಂಬರ್ ಬಂದರೆ ಸಾಕು, ಅವಳ ಬೆರಳುಗಳ ಗೆಣ್ಣು ಊದಿಕೊಳ್ಳುತ್ತದೆ. ಮಂಡಿ ಬಿಗಿಯುತ್ತದೆ. ಬೆಳಗ್ಗೆ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಬಾಗಿಲ ಹತ್ತಿರ ಬಂದು, "ಐದು ನಿಮಿಷ ಇದ್ಯೇನೇ?" ಎನ್ನುತ್ತಾಳೆ. ಶಾಲೆಯ ಬಸ್ಸು ಬರುವ ಮೊದಲು ಒಂದು ದಿನವೂ ತಪ್ಪದೆ ನನಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದವಳು ಈಗ ನನ್ನ ಐದು ನಿಮಿಷ ಕೇಳುತ್ತಾಳೆ. ಹೆಣೆಯುವುದು ನನಗೆ ಕಷ್ಟವಲ್ಲ. ಆ ಕೇಳುವಿಕೆಯೇ ನನ್ನ ಹೊಟ್ಟೆ ಉರಿಸುತ್ತದೆ. ಹೋದ ಚಳಿಗಾಲಕ್ಕೆ ಮೊದಲೇ ಅವಳು ಹೇಳಿಬಿಟ್ಟಿದ್ದಳು.

"ಶಿವರಾತ್ರಿವರೆಗೆ ನೋಡ್ತೀನಿ ಕಣೆ. ಆಮೇಲೆ ಕತ್ತರಿಸಿ ಬಾಬ್ ಮಾಡಿಸ್ಕೊಂಡ್ಬಿಡ್ತೀನಿ. ದಿನಾ ಒಬ್ಬರನ್ನ ಕೇಳ್ಕೊಂಡು ಕೂದಲಿಟ್ಕೊಳ್ಳೋದು ಯಾಕೆ?"

ಇನ್ನೊಂದು ದಿನ ಚಹಾ ಕುಡಿಯುತ್ತ ಹೇಳಿದಳು. "ಊರಲ್ಲಿ ಎಣ್ಣೆ ನೀರು ಹಾಕ್ಕೊಂಡು, ಕಂಬಳಿ ಹೊದ್ದು ಮಲಗಿ ಬೆವರ್ತಿದ್ವಲ್ಲ, ಎರಡು ದಿನ ಕೈಕಾಲು ಹಗೂರ ಇರ್ತಿತ್ತು. ಈ ಗೀಸರ್‌ನಲ್ಲಿ ನೀರು ಬಿಸಿಯಾಗುತ್ತೆ, ಮೈ ಬಿಸಿಯಾಗಲ್ಲ. ದಿಲ್ಲಿಗೆ ಬಂದ್ಮೇಲೆ ಚಳಿಗಾಲದಲ್ಲಿ ನಾನು ಒಂದು ಸಲಾನೂ ಸರಿಯಾಗಿ ಬೆವರಿಲ್ಲ."

ಅಷ್ಟೇ ಅವಳು ಕೇಳಿದ್ದು. ಬೆವರಬೇಕು. ಡಾಕ್ಟರು, ಒಣ ಶಾಖದಿಂದ ವಾಸಿಯಾಗುವುದಿಲ್ಲ, ಆದರೆ ಆರಾಮ ಸಿಗಬಹುದು, ಹೃದಯ ಗಟ್ಟಿಯಾಗಿದೆ, ಹದಿನೈದು ನಿಮಿಷ ಮೀರದಿದ್ದರೆ ತೊಂದರೆಯಿಲ್ಲ ಎಂದರು. ನಾನು ಸೌನಾ, ಅಂದರೆ ಕೂತು ಬೆವರುವ ಬಿಸಿ ಕೋಣೆ, ಕಟ್ಟುವುದೆಂದು ತೀರ್ಮಾನಿಸಿದೆ.

ಮೊದಲು ಸೊಸೈಟಿಯ ಕ್ಲಬ್ಬಿಗೆ ಹೋದದ್ದು ನಿಜ. ಅಲ್ಲಿ ಒಂದು ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಸೌನಾ ಎಂದು ಬರೆದಿದೆ. ಬಾಗಿಲು ತೆಗೆಸಿದರೆ ಒಳಗೆ ದೀಪಾವಳಿಯ ಸರದೀಪಗಳು, ಕಾಲು ಮುರಿದ ಟೇಬಲ್ ಟೆನಿಸ್ ಮೇಜು, ಛಾವಣಿಯವರೆಗೆ ಪ್ಲಾಸ್ಟಿಕ್ ಕುರ್ಚಿಗಳು. ಸೆಕ್ರೆಟರಿಯನ್ನು ಕೇಳಿದೆ. "ಯಾರೂ ಬಳಸೋದಿಲ್ಲ ಮೇಡಂ, ಅದಕ್ಕೇ ಕುರ್ಚಿ ಇಟ್ಟಿದ್ದೀವಿ" ಎಂದರು. ಕುರ್ಚಿ ಇಟ್ಟಿರುವುದರಿಂದಲೇ ಯಾರೂ ಬಳಸುತ್ತಿಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿ, "ಸರ್‌ಗೆ ಮೀಟಿಂಗಿಗೆ ಬರೋಕೆ ಹೇಳಿ, ಮಾತಾಡೋಣ" ಎಂದರು.

ಈ 'ಸರ್' ಇದ್ದಾರಲ್ಲ, ನನ್ನ ಗಂಡ, ಅವರು ಒಳ್ಳೆಯ ಮನುಷ್ಯ. ವಿಮಾ ಕಂಪನಿಯಲ್ಲಿ ಕೆಲಸ. ಗೋಡೆಗೆ ಮೊಳೆ ಹೊಡೆಯಲು ನಾನು ಬರುವವರೆಗೆ ಕಾಯುತ್ತಾರೆ. ನಾನು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಸರ್ಕಾರಿ ಕಟ್ಟಡಗಳ ಇಂಜಿನಿಯರ್. ಈ ಮೂವತ್ತು ವರ್ಷವೂ ಯಾವ ಸೈಟಿಗೆ ಹೋದರೂ, ಹೆಲ್ಮೆಟ್ ಹಾಕಿಕೊಂಡು ನಕ್ಷೆ ಹಿಡಿದು ನಿಂತ ನನ್ನ ಹೆಗಲ ಹಿಂದೆ ಇಣುಕಿ, "ಸಾಬ್ ನಹೀಂ ಆಯೇ?" ಎಂದು ಕೇಳುವವರು ಕೇಳುತ್ತಲೇ ಇದ್ದಾರೆ. ಬಾರದ ಆ ಸಾಹೇಬ ಯಾರು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾನು ಇಂಜಿನಿಯರ್ ಆದದ್ದೇ ಒಂದು ಸಿಟ್ಟಿನಿಂದ. ಆರ್.ಕೆ.ಪುರಂ ಕ್ವಾರ್ಟರ್ಸಿನ ಅಡುಗೆಮನೆಯ ಕಟ್ಟೆ ಅಕ್ಕನ ಎದೆಯವರೆಗೆ ಬರುತ್ತಿತ್ತು. ಚಪಾತಿ ಲಟ್ಟಿಸಲು ತೋಳಿಗೆ ಬಲ ಸಿಗುತ್ತಿರಲಿಲ್ಲ. ಊರಿನಿಂದ ತಂದ ಊಟದ ಮಣೆಯೊಂದಿತ್ತು, ಹಲಸಿನ ಮರದ್ದು. ಊಟಕ್ಕೆ ಕೂರುವ ಮಣೆಯನ್ನು ತುಳಿಯಬಾರದೆಂದು ನನ್ನನ್ನು ಬೈಯುತ್ತಿದ್ದವಳು, ದಿನಾ ಬೆಳಗ್ಗೆ ಅದಕ್ಕೊಂದು ನಮಸ್ಕಾರ ಮಾಡಿ ಅದರ ಮೇಲೆ ಹತ್ತಿ ನಿಂತು ಅಡುಗೆ ಮಾಡುತ್ತಿದ್ದಳು. ಸಾರು ಇಳಿಸಲು ಇಳಿಯಬೇಕು, ಒಗ್ಗರಣೆಗೆ ಹತ್ತಬೇಕು.

"ಯಾರ ಅಳತೆಗೆ ಕಟ್ಟಿದ್ದಾರಕ್ಕಾ ಇದನ್ನ?" ಎಂದು ಒಂದು ದಿನ ಕೇಳಿದ್ದೆ.

"ನಮ್ಮ ಅಳತೆಗಂತೂ ಅಲ್ಲ" ಎಂದಿದ್ದಳು.

ದೊಡ್ಡವಳಾಗಿ ಕಟ್ಟಡ ಕಟ್ಟುತ್ತೇನೆ, ಒಬ್ಬ ಹೆಂಗಸಿಗೂ ಮಣೆ ಬೇಕಾಗದ ಹಾಗೆ ಕಟ್ಟುತ್ತೇನೆ ಎಂದು ಆಗಲೇ ಹೇಳಿದ್ದೆನಂತೆ. ಈ ಕತೆಯನ್ನು ನಾನು ಆಫೀಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೊಸದಾಗಿ ಸೇರುವ ಹುಡುಗಿಯರಿಗೆಲ್ಲ ಕೂರಿಸಿ ಹೇಳಿದ್ದೇನೆ. ಕಟ್ಟುವ ಮೊದಲು ಬಳಸುವವರನ್ನು ಕೇಳಿ ಎಂದು ಬೆರಳು ತೋರಿಸಿ ಹೇಳಿದ್ದೇನೆ. ಇದನ್ನು ಇಲ್ಲಿ ಬರೆಯಲು ಕಾರಣವಿದೆ.

ಕ್ಲಬ್ಬಿನ ಆಸೆ ಬಿಟ್ಟು ಗುರುಗ್ರಾಮದ ಒಂದು ಶೋರೂಮಿಗೆ ಹೋದೆವು. ಅಲ್ಲಿದ್ದದ್ದು ಗಾಜಿನ ಪೆಟ್ಟಿಗೆ. ಛಾವಣಿಯಲ್ಲಿ ಬಣ್ಣ ಬದಲಿಸುವ ದೀಪಗಳು, ಗೋಡೆಯಲ್ಲಿ ಹಾಡಿಗೆ ಸ್ಪೀಕರು. ಮಾರುವವನು ನನ್ನ ಗಂಡನ ಮುಖ ನೋಡಿಕೊಂಡೇ ಮಾತಾಡಿದ. ಗಾಳಿ ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದರೆ, ಅವರ ಕಡೆ ತಿರುಗಿ, "ಪೂರಾ ಏರ್‌ಟೈಟ್ ಹೈ ಸರ್" ಎಂದು ಹೆಮ್ಮೆಯಿಂದ ಹೇಳಿದ. ಮನುಷ್ಯರು ಕೂತು ಉಸಿರಾಡುವ ಜಾಗ ಏರ್‌ಟೈಟ್! ಉಪ್ಪಿನಕಾಯಿ ಭರಣಿ ಏರ್‌ಟೈಟ್ ಇರಬೇಕಪ್ಪ, ನಮ್ಮಕ್ಕ ಯಾಕಿರಬೇಕು? ನನ್ನ ಗಂಡ ಮೆಲ್ಲಗೆ, ಮೇಡಂ ಇಂಜಿನಿಯರ್ ಎಂದರು. "ಅಚ್ಛಾ! ಸಾಫ್ಟ್‌ವೇರ್?" ಎಂದು ಅವನು ಮತ್ತೆ ಅವರನ್ನೇ ಕೇಳಿದ. ನಾನು ಹೊರಗೆ ಬಂದು ಕಾರಿನಲ್ಲಿ ಕೂತೆ.

ನಾನೇ ಮಾಡುತ್ತೇನೆ ಎಂದು ಹೊರಟದ್ದು ಹಾಗೆ. ಮುಚ್ಚಿದ ಹಿಂದಿನ ವರಾಂಡದ ತುದಿಯಲ್ಲಿ ನಮಗೊಂದು ಉಗ್ರಾಣವಿತ್ತು, ಆರು ಅಡಿಗೆ ಐದು ಅಡಿ. ತಿಂಗಳುಗಟ್ಟಲೆ ಓದಿದೆ. ಸೌನಾ ಎಂದರೆ ಹೀಟರಿಟ್ಟ ಮರದ ಕೋಣೆಯಷ್ಟೇ ಅಲ್ಲ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ತಣ್ಣನೆಯದು ನೆಲದಲ್ಲೇ ಕೂತಿರುತ್ತದೆ. ಆದ್ದರಿಂದ ಮನುಷ್ಯ ಎತ್ತರದಲ್ಲಿ ಕೂರಬೇಕು, ಅವನ ಪಾದ ಕೂಡ ಹೀಟರಿನ ಕಲ್ಲುಗಳಿಗಿಂತ ಮೇಲಿರಬೇಕು. ಇಲ್ಲದಿದ್ದರೆ ತಲೆ ಬೇಯುತ್ತದೆ, ಕಾಲು ನಡುಗುತ್ತದೆ. ಛಾವಣಿಯನ್ನು ಏಳು ಅಡಿಗೆ ಇಳಿಸಬೇಕು. ಗೋಡೆಯೊಳಗೆ ಶಾಖ ತಡೆಯುವ ಉಣ್ಣೆ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ಅದರ ಮುಂದೆ ಬೆರಳಗಲ ಜಾಗ ಬಿಟ್ಟು ಮರ. ಹೀಟರಿನ ಬುಡದಲ್ಲಿ ಹೊರಗಿನ ಗಾಳಿ ಬರಲು ಒಂದು ಕಿಂಡಿ, ಎದುರು ಗೋಡೆಯಲ್ಲಿ ಹಳೆಯ ಗಾಳಿ ಹೋಗಲು ಇನ್ನೊಂದು. ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕ ಕೂಡದು. ಕೂರುವ ಹಲಗೆ ನಲವತ್ತು ಇಂಚು ಎತ್ತರ, ಅದಕ್ಕೆ ಹತ್ತಲು ಮತ್ತು ಕಾಲಿಡಲು ಇಪ್ಪತ್ತು ಇಂಚಿಗೊಂದು ಕೆಳಹಲಗೆ. ಏಳು ಹಾಳೆ ನಕ್ಷೆ ಬರೆದೆ. ಅಷ್ಟು ಶುದ್ಧವಾದ ನಕ್ಷೆಯನ್ನು ನಾನು ಸರ್ಕಾರಕ್ಕೂ ಬರೆದುಕೊಟ್ಟಿಲ್ಲ.

ಬಡಗಿ ಕೆಲಸಕ್ಕೆ ಬಂದ ಮಿಸ್ತ್ರಿ ನನ್ನದೇ ವಯಸ್ಸಿನವನು. ನರೆತ ಮೀಸೆ, ಕಿವಿಯಲ್ಲಿ ಪೆನ್ಸಿಲ್ಲು. ಕೈ ಚೆನ್ನಾಗಿತ್ತು, ಬಾಯಿ ಸುಮ್ಮನಿರುತ್ತಿರಲಿಲ್ಲ. ಶೀಶಮ್ ಹಾಕೋಣ ಎಂದ. ಭಾರದ ಮರ ಕಾದರೆ ಚರ್ಮ ಸುಡುತ್ತದೆ, ಗಂಟಿಲ್ಲದ, ಅಂಟು ಒಸರದ ಹಗುರ ಮರವೇ ಬೇಕು ಎಂದೆ. ಸಾಬ್‌ರನ್ನು ಒಮ್ಮೆ ಕೇಳಿಬಿಡಲೇ ಎಂದ. ಪಾಲಿಶ್ ಹೊಡೆಯೋಣ ಎಂದ. ಕಾದ ಪಾಲಿಶಿನ ವಾಸನೆ ಕುಡಿಸಲು ನಾನು ಅಕ್ಕನನ್ನು ಕೂರಿಸುತ್ತಿಲ್ಲ ಎಂದೆ. ಸಾಬ್‌ಗೆ ಮಿಂಚುವುದು ಇಷ್ಟವಾಗಬಹುದು ಎಂದ. ಸಂಜೆ ನನ್ನ ಗಂಡ ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ಅವರ ಮುಂದೆ ಹಲಗೆಯ ತುಂಡು ಹಿಡಿದು ನಿಲ್ಲುತ್ತಿದ್ದ. ಅವರು ಪಾಪ, "ಮೇಡಂ ಸೇ ಪೂಛೋ ಭಯ್ಯಾ", ಮೇಡಂ ಅವರನ್ನೇ ಕೇಳಪ್ಪ, ಎಂದು ತಪ್ಪಿಸಿಕೊಳ್ಳುತ್ತಿದ್ದರು. ನನ್ನ ಮನೆಯಲ್ಲಿ, ನನ್ನ ನಕ್ಷೆಯ ಮುಂದೆ, ನಾನು ಎದುರಿಗಿದ್ದಾಗ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಥ ಒಂದು ದಿನ, ಆ ದಿನದ ಎಷ್ಟನೆಯ ಪ್ರಶ್ನೆಯೋ, ಅವನು ಮೇಲಿನ ಹಲಗೆಗೆ ಗುರುತು ಹಾಕುತ್ತ ಪೆನ್ಸಿಲ್ ನಿಲ್ಲಿಸಿದ. ಅಕ್ಕ ವರಾಂಡದ ಬಿಸಿಲಿನಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಅವಳತ್ತ ನೋಡಿ ಕೇಳಿದ.

"ಮೇಡಂಜೀ, ಮಾತಾಜಿ ಊಪರ್ ಚಢೇಂಗೀ ಕೈಸೇ?"

ಮಾತಾಜಿ ಮೇಲೆ ಹತ್ತುವುದು ಹೇಗೆ ಎಂದು. ನಾನು ತಲೆ ಎತ್ತಲಿಲ್ಲ. "ಡ್ರಾಯಿಂಗ್ ದೇಖೋ. ಸಬ್ ಲಿಖಾ ಹೈ" ಎಂದೆ, ನಕ್ಷೆಯಲ್ಲಿ ಎಲ್ಲ ಇದೆ ಎಂದು. ಕೆಳಹಲಗೆ ಇತ್ತಲ್ಲ ನಕ್ಷೆಯಲ್ಲಿ. ಅವನು ಇನ್ನೇನೋ ಹೇಳಲು ಬಾಯಿ ತೆರೆದ. ನಾನು ಕೈ ಎತ್ತಿ ತಡೆದೆ. ಅವನು ಕೆಲಸ ಮುಂದುವರಿಸಿದ. ಆಮೇಲೆ ಆ ವಿಷಯ ಎತ್ತಲಿಲ್ಲ, ಸಾಬ್‌ರನ್ನೂ ಕೇಳಲಿಲ್ಲ. ಕೊನೆಗೂ ದಾರಿಗೆ ಬಂದ ಎಂದುಕೊಂಡೆ.

ಜನವರಿ ಮೊದಲ ವಾರ ಕೋಣೆ ಮುಗಿಯಿತು. ಹೊಸ ಮರದ ವಾಸನೆ ಮನೆಯೆಲ್ಲ ಹರಡಿತ್ತು. ಹೀಟರ್ ಹಾಕಿ ಮುಕ್ಕಾಲು ಗಂಟೆಯಲ್ಲಿ ಮೇಲಿನ ಥರ್ಮಾಮೀಟರ್ ಎಪ್ಪತ್ತು ದಾಟಿತು. ನಾನು ಹತ್ತಿ ಕೂತು ತೋರಿಸಿದೆ. ಹತ್ತು ನಿಮಿಷದಲ್ಲಿ ಬೆವರು ಹಣೆಯಿಂದ ಗಲ್ಲಕ್ಕೆ ಇಳಿಯಿತು. ಎಷ್ಟೋ ಕಟ್ಟಡ ಕಟ್ಟಿದ್ದೇನೆ, ಕಟ್ಟಿದ್ದರೊಳಗೆ ಕೂತು ಸಂತೋಷಪಟ್ಟದ್ದು ಅದೇ ಮೊದಲು. ಅಕ್ಕ ಬಾಗಿಲಲ್ಲಿ ನಿಂತು ನೋಡಿ, "ಚೆನ್ನಾಗಿದೆ ಕಣೆ, ಬಹಳ ಚೆನ್ನಾಗಿದೆ" ಎಂದಳು. ನಾನೂ ಜೊತೆಗೆ ಕೂರುತ್ತೇನೆ ಎಂದರೆ ಒಪ್ಪಲಿಲ್ಲ. "ಸ್ನಾನದ ಮನೇಲಿ ಇನ್ನೊಬ್ಬರಿದ್ರೆ ನನಗಾಗಲ್ಲ. ನೀನು ಹೊರಗೆ ಕೂತ್ಕೋ, ಬೇಕಾದ್ರೆ ಕೂಗ್ತೀನಿ."

ಹಾಗೆ ಶುರುವಾಯಿತು. ದಿನ ಬಿಟ್ಟು ದಿನ ಸಂಜೆ ಅಕ್ಕ ಒಳಗೆ, ನಾನು ಹೊರಗೆ ಕುರ್ಚಿ ಹಾಕಿಕೊಂಡು ಗಡಿಯಾರ ನೋಡುತ್ತ. ಬಾಗಿಲಿನ ಸಣ್ಣ ಗಾಜಿಗೆ ಅವಳು ಒಳಗಿನಿಂದ ಟವೆಲ್ ನೇತುಹಾಕುತ್ತಿದ್ದಳು. ಹದಿನೈದು ನಿಮಿಷಕ್ಕೆ ಬರುತ್ತಿದ್ದಳು. "ಚೆನ್ನಾಗಿತ್ತಾ?" ಎಂದರೆ "ಚೆನ್ನಾಗಿತ್ತು" ಎನ್ನುತ್ತಿದ್ದಳು. ನಾನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಮೇ ತಿಂಗಳ ಹಾಸ್ಯ ಮಾಡಿದವರನ್ನು ಹುಡುಕಿಕೊಂಡು ಹೋಗಿ ಹೇಳಿದೆ. ಬೆರಳು ಮಾತ್ರ ಹಾಗೇ ಇತ್ತು. ಬೆಳಗ್ಗೆ ಬಾಚಣಿಗೆ ಹಿಡಿದು ಬಾಗಿಲ ಹತ್ತಿರ ಬರುವುದೂ ಹಾಗೇ ಇತ್ತು. ಇಷ್ಟು ವರ್ಷದ ನೋವು, ಸಮಯ ಹಿಡಿಯುತ್ತದೆ ಎಂದು ನಾನೇ ಸಮಾಧಾನ ಹೇಳಿದೆ. ಅವಳು ಹೂಂಗುಟ್ಟಿದಳು.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ನಾನೇ ಹೋಗಿ ಕೂತೆ. ಏನೋ ಸರಿಯಿಲ್ಲ. ಗಾಳಿ ಮಂದವಾಗಿತ್ತು, ತಲೆ ಭಾರವಾಯಿತು. ಎದ್ದು ಬಂದು ಹುಡುಕಿದೆ. ಹೀಟರಿನ ಬುಡದ ಗಾಳಿಕಿಂಡಿಗೆ ವರಾಂಡದ ಕಡೆಯಿಂದ ಯಾರೋ ಹಳೆಯ ಸೀರೆಯ ತುಂಡನ್ನು ಒತ್ತಿ ಒತ್ತಿ ತುರುಕಿದ್ದರು.

ನನ್ನ ಸಿಟ್ಟನ್ನು ಏನು ಹೇಳಲಿ! ಆ ಕಿಂಡಿಯ ಅಳತೆಗೆ ನಾನು ಎರಡು ರಾತ್ರಿ ಲೆಕ್ಕ ಹಾಕಿದ್ದೆ. ಮೊದಲು ಗಂಡನ ಮೇಲೆ ಹರಿಹಾಯ್ದೆ. ಅವರು ತಾವು ಆ ಕಡೆ ಹೋಗಿಯೇ ಇಲ್ಲ ಎಂದು ಆಣೆ ಮಾಡಿದರು. ಬಟ್ಟೆ ಅಕ್ಕನ ಸೀರೆಯದ್ದು ಎಂದು ಆಮೇಲೆ ಹೊಳೆಯಿತು. ಕಿಟಕಿ ಸಂದಿಗೆ ಬಟ್ಟೆ, ಬಾಗಿಲ ಬುಡಕ್ಕೆ ಬಟ್ಟೆ, ಎಲ್ಲಿ ಗಾಳಿ ಬಂದರೂ ಥಂಡಿ ಹೊಡೆಯುತ್ತದೆ ಎನ್ನುವವರು ನಮ್ಮವರು. ನಾನು ಬಟ್ಟೆ ಎಳೆದು ಬಿಸಾಡಿದೆ. ಮರುದಿನ ಸಂಜೆ ಅಕ್ಕ ಒಳಗೆ ಹೋದ ಐದು ನಿಮಿಷಕ್ಕೆ ನೋಡಿದರೆ, ಕಿಂಡಿಯಲ್ಲಿ ಮತ್ತೆ ಬಟ್ಟೆ. ಹೋಗುವ ಮೊದಲೇ ತುರುಕಿ ಹೋಗಿದ್ದಳು. ಇವತ್ತು ಬಿಡುವುದಿಲ್ಲ ಎಂದು ಬಾಗಿಲು ಎಳೆದು ತೆಗೆದೆ.

"ಅಕ್ಕಾ, ಎಷ್ಟು ಸಲ ಹೇಳಬೇಕು ನಿಂಗೆ..."

ಅಕ್ಕ ಮೇಲಿನ ಹಲಗೆಯ ಮೇಲೆ ಇರಲಿಲ್ಲ. ಕೆಳಹಲಗೆಯ ಮೇಲೂ ಇರಲಿಲ್ಲ. ನೆಲದ ಮೇಲೆ, ಬಾಗಿಲ ಪಕ್ಕದಲ್ಲಿ, ಕೆಳಹಲಗೆಯ ಅಡಿ ಬಚ್ಚಿಟ್ಟಿದ್ದ ಆ ಹಲಸಿನ ಮಣೆ ಹಾಕಿಕೊಂಡು ಕೂತಿದ್ದಳು. ಶಾಲು ಹೊದ್ದಿದ್ದಳು. ಕಾಲಿಗೆ ಉಣ್ಣೆಯ ಸಾಕ್ಸು. ಅವಳ ತಲೆಯ ಮೇಲೆ, ನಲವತ್ತು ಇಂಚು ಎತ್ತರದಲ್ಲಿ, ಯಾರೂ ಕೂರದ ಹಲಗೆಯ ಸುತ್ತ ಎಪ್ಪತ್ತೈದು ಡಿಗ್ರಿ ಶಾಖವಿತ್ತು. ಅವಳು ಕೂತಲ್ಲಿ, ಬಟ್ಟೆ ತುರುಕಿದರೂ ನನ್ನ ಕಿಂಡಿಯಿಂದ ನುಸುಳಿ ಬಂದ ಜನವರಿಯ ಗಾಳಿ ಇತ್ತು.

ನನಗೆ ಅವಳ ಮೇಲೇ ಕೋಪ ಬಂತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ. "ಮೂರು ವಾರದಿಂದ ಚೆನ್ನಾಗಿದೆ ಅಂತ ಹೇಳ್ತಿದ್ದೀಯಲ್ಲ! ಬಾಯಿ ಬಿಟ್ಟು ಹೇಳೋಕ್ಕೇನಾಗಿತ್ತು?" ಎಂದು ಕೂಗಿದೆ.

ಅವಳು ನಿಧಾನವಾಗಿ ಶಾಲು ಸರಿಮಾಡಿಕೊಂಡಳು.

"ನೀನು ಕೇಳಿದ್ದು ಚೆನ್ನಾಗಿದ್ಯಾ ಅಂತ. ಚೆನ್ನಾಗಿದೆ, ಸುಳ್ಳೇನಿಲ್ಲ. ಹತ್ತಕ್ಕಾಗುತ್ತಾ ಅಂತ ಕೇಳಿದ್ಯಾ?"

ನಾನು ಹೀಟರಿನ ಸ್ವಿಚ್ಚು ಆರಿಸಿದೆ.

"ಮೊದಲ ದಿನ ಪ್ರಯತ್ನ ಮಾಡಿದೆ. ಇಷ್ಟೆತ್ತರ ಕಾಲೇ ಏಳಲ್ಲ ಕಣೆ" ಎಂದು ಕೆಳಹಲಗೆ ತೋರಿಸಿದಳು. "ನಲವತ್ತು ವರ್ಷದಿಂದ ಟ್ರೇನಲ್ಲಿ ಊರಿಗೆ ಹೋಗುವಾಗೆಲ್ಲ, ನಮ್ಮಕ್ಕನಿಗೆ ಲೋವರ್ ಬರ್ತ್ ಕೊಡಿ ಅಂತ ಬೋಗಿಯೆಲ್ಲ ಕೇಳ್ಕೊಂಡು ಬರ್ತೀಯ. ಮನೇಲಿ ನೋಡಿದ್ರೆ ಅಪ್ಪರ್ ಬರ್ತ್ ಕಟ್ಟಿಸಿದ್ದೀಯ."

ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

"ಮತ್ತೆ ಯಾಕೆ ಹೇಳ್ಲಿಲ್ಲಕ್ಕಾ?"

"ಹೇಗೆ ಹೇಳ್ಲಿ? ಆ ಮಿಸ್ತ್ರಿ ಕೇಳ್ದಾಗ ನೀನು ಹೇಗೆ ಬಾಯಿ ಮುಚ್ಚಿಸಿದೆ, ನಾನಲ್ಲೇ ಕೂತಿದ್ದೆನಲ್ಲ. ಇಷ್ಟು ಆಸೆಯಿಂದ ಕಟ್ತಿದ್ದೀಯ. ಹೋಗ್ಲಿ ಬಿಡು. ಪಾರ್ಲರ್‌ನವಳಿಗೆ ಹೇಳಿದ್ದೀನಿ, ಮುಂದಿನ ವಾರ ಕತ್ತರಿಸ್ತಾಳೆ. ನಿನಗೂ ಬೆಳಗ್ಗೆ ಹೊತ್ತು ಉಳಿಯುತ್ತೆ."

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಸೆಕ್ರೆಟರಿಯ ಮೇಲೆ, ಶೋರೂಮಿನವನ ಮೇಲೆ, ಮಿಸ್ತ್ರಿಯ ಮೇಲೆ ತಿಂಗಳುಗಟ್ಟಲೆ ಉರಿದಿದ್ದ ಸಿಟ್ಟಿಗೆ ಹೋಗಲು ಬೇರೆ ಜಾಗವಿರಲಿಲ್ಲ, ನನ್ನ ಕಡೆಗೇ ತಿರುಗಿತ್ತು. ಬೀದಿಯ ಫುಟ್‌ಪಾತ್ ಇಳಿಯಲು ಅವಳು ನನ್ನ ತೋಳು ಹಿಡಿಯುತ್ತಾಳೆ. ಅವಳ ಮಂಚದ ಕಾಲುಗಳನ್ನು ಕತ್ತರಿಸಿ ತಗ್ಗು ಮಾಡಿಸಿದವಳು ನಾನೇ. ಇಷ್ಟೆಲ್ಲ ಗೊತ್ತಿದ್ದೂ ಏಳು ಹಾಳೆಯ ನಕ್ಷೆಯಲ್ಲಿ ಅವಳ ಮಂಡಿ ಎಲ್ಲೂ ಇರಲಿಲ್ಲ. ಮೂವತ್ತು ವರ್ಷದಿಂದ 'ಸಾಬ್ ಎಲ್ಲಿ' ಎಂದು ಕೇಳಿದವರ ಮೇಲೆ ಹಲ್ಲು ಕಡಿದೆನಲ್ಲ, ಆ ಸಾಬ್ ಅಲ್ಲೇ ನಿಂತಿದ್ದ, ನಕ್ಷೆ ಹಿಡಿದು, ನನ್ನ ಚಪ್ಪಲಿ ಹಾಕಿಕೊಂಡು.

ಬೆಳಗ್ಗೆ ಎದ್ದು ಇಲಾಖೆಯ ದಪ್ಪ ಕೈಪಿಡಿಗಳನ್ನು ತಂದು ನೆಲದ ಮೇಲೆ ಒಂದರ ಮೇಲೊಂದು ಇಟ್ಟೆ. ಇದರ ಮೇಲೆ ಕಾಲಿಡು, ಎಷ್ಟೆತ್ತರ ಏಳುತ್ತೋ ನೋಡೋಣ ಎಂದೆ. "ಪುಸ್ತಕ ತುಳಿಯೋದಾ? ಹುಚ್ಚು ಹಿಡಿದಿದ್ಯಾ?" ಎಂದು ಬೈದಳು. ಉಳಿದಿದ್ದ ಮರದ ಹಲಗೆಗಳನ್ನು ತಂದೆ. ಒಂದೊಂದು ಒಂದಿಂಚು. ಮೂರು, ನಾಲ್ಕು, ಐದರವರೆಗೆ ಹತ್ತಿದಳು. ಆರನೆಯದಕ್ಕೆ ನನ್ನ ತೋಳು ಹಿಡಿದಿದ್ದ ಅವಳ ಕೈ ಬಿಗಿಯಿತು, ಕಾಲು ಏಳಲಿಲ್ಲ. ನಾನು ಮೂವತ್ತು ವರ್ಷ ಕಟ್ಟಿಸಿದ ಯಾವ ಮೆಟ್ಟಿಲೂ ಐದು ಇಂಚಿನದಲ್ಲ.

ಮಿಸ್ತ್ರಿಗೆ ಫೋನ್ ಮಾಡಿದೆ. ನಿಮ್ಮ ಪ್ರಶ್ನೆಗೆ ಉತ್ತರ ಕೊಡದೆ ತಪ್ಪು ಮಾಡಿದೆ, ಒಮ್ಮೆ ಬನ್ನಿ ಎಂದೆ. ಅವನಿಗೆ ಯಾವ ಪ್ರಶ್ನೆ ಎಂದು ಹೇಳಬೇಕಾಗಲಿಲ್ಲ. ಸಂಜೆಯೇ ಬಂದ. ನಾನು ಬಾಗಿಲು ತೆಗೆದೆ, ಕೈಯಲ್ಲಿ ಹೊಸ ನಕ್ಷೆ ಇತ್ತು. ಐದೈದು ಇಂಚಿನ ಎಂಟು ಮೆಟ್ಟಿಲು, ಕೋಣೆಯೊಳಗೆ ಹಿಡಿಸುತ್ತಲೇ ಇರಲಿಲ್ಲ, ಹೇಗೋ ತಿಣುಕಿ ಬರೆದಿದ್ದೆ. ಅವನು ನನಗೆ ನಮಸ್ಕಾರ ಹೇಳಿ, ನಕ್ಷೆ ನೋಡದೆ, ನೇರವಾಗಿ ಒಳಗೆ ಹೋದ. ನನ್ನ ಗಂಡ ಸೋಫಾದಲ್ಲಿ ಕೂತಿದ್ದರು. ಅವರನ್ನೂ ದಾಟಿ ಹೋದ. ಅಕ್ಕನ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳಿದ.

"ಮಾತಾಜಿ, ಆಪ್ ಬತಾಇಯೇ." ನೀವು ಹೇಳಿ ಎಂದು.

ಹಳೆಯ ಉರಿ ಒಂದು ಕ್ಷಣ ಎದೆಗೆ ಬಂತು. ಆಮೇಲೆ ನಾನು ನಕ್ಷೆ ಮಡಚಿ ಪಕ್ಕದಲ್ಲಿ ಕೂತೆ. ಅಕ್ಕ ತನ್ನ ಕಚೇರಿಯ ಹಿಂದಿಯಲ್ಲಿ ಹೇಳಿದಳು: ಹತ್ತಿ ಕೂರುವುದು ಬೇಡ, ಕುರ್ಚಿಯಲ್ಲಿ ಕೂತ ಹಾಗೆ ಕೂರಬೇಕು, ಕಾಲು ನೆಲದ ಮೇಲಿರಬೇಕು. ಅವನು ಕೋಣೆಯೊಳಗೆ ಹೋಗಿ ಮೇಲೆ ಕೆಳಗೆ ನೋಡಿದ. ಮೂಲೆಯಲ್ಲಿದ್ದ ಮಣೆಯನ್ನು ಕಾಲಿಂದ ಸರಿಸಲು ಹೋದವನು, ಬಗ್ಗಿ ಕೈಯಲ್ಲಿ ಎತ್ತಿಟ್ಟ.

"ಫರ್ಶ್ ಹೀ ಉಠಾ ದೇತೇ ಹೈಂ" ಎಂದ. ನೆಲವನ್ನೇ ಎತ್ತಿಬಿಡೋಣ.

ಅಷ್ಟೇ. ಆರ್.ಕೆ.ಪುರಂನಲ್ಲಿ ಅಕ್ಕ ದಿನಾ ಮಾಡಿದ್ದೂ ಅದನ್ನೇ. ಕೆಳಹಲಗೆ ಇಪ್ಪತ್ತು ಇಂಚಿನಲ್ಲಿತ್ತಲ್ಲ, ಅದನ್ನೇ ಕೋಣೆಯ ಉದ್ದಗಲಕ್ಕೂ ಹಾಸಿ ನೆಲ ಮಾಡಿದೆವು. ಹೀಟರನ್ನು ಇದ್ದಲ್ಲೇ ಬಿಟ್ಟು ಅದರ ಸುತ್ತ ಹಲಗೆ ಹಾಕದೆ ಕಟಕಟೆ ಕಟ್ಟಿದೆವು. ಗಾಳಿಕಿಂಡಿ ನೆಲದ ಕೆಳಗೆ ಉಳಿಯಿತು, ಥಂಡಿ ಈಗ ಅಕ್ಕನ ಪಾದಕ್ಕೆ ಬಡಿಯುವುದಿಲ್ಲ. ಮೇಲಿನ ಹಲಗೆ ಹೊಸ ನೆಲದಿಂದ ಕುರ್ಚಿಯಷ್ಟೇ ಎತ್ತರ. ವರಾಂಡದಲ್ಲಿ ಐದೈದು ಇಂಚಿನ ನಾಲ್ಕು ಅಗಲ ಮೆಟ್ಟಿಲು, ಎರಡೂ ಕಡೆ ಹಿಡಿ. ಬಾಗಿಲನ್ನೂ ಎತ್ತಿ ಕೂರಿಸಬೇಕಾಯಿತು, ಅದರ ಎತ್ತರ ಬರೀ ಐದು ಅಡಿಗೆ ಇಳಿಯಿತು. ಬಾಗಿಲು ಆರೂವರೆ ಅಡಿಯಾದರೂ ಇರಬೇಕೆಂಬ ಇಲಾಖೆಯ ನಿಯಮಕ್ಕೆ ಒಂದೂವರೆ ಅಡಿ ಕಡಿಮೆ ಬಿತ್ತು. ಬೀಳಲಿ ಬಿಡಿ ಎಂದೆ. ಮೂವತ್ತು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅಕ್ಕನಿಗೆ ಗೊತ್ತಿಲ್ಲದ ಹಾಗೆ ಪಾರ್ಲರಿಗೂ ಹೋಗಿ, ಶಿವರಾತ್ರಿವರೆಗೆ ಕತ್ತರಿ ಮುಟ್ಟಬೇಡಿ ಎಂದು ಹೇಳಿ ಬಂದೆ.

ಫೆಬ್ರವರಿಯ ಮೊದಲ ವಾರದಲ್ಲಿ ಅಕ್ಕ ನಾಲ್ಕು ಮೆಟ್ಟಿಲು ಹತ್ತಿ, ಬಾಗಿಲು ದಾಟಿ, ಹಲಗೆಯ ಮೇಲೆ ಕೂತಳು. ಹದಿನೈದು ನಿಮಿಷದ ನಂತರ ಹೊರಬಂದಾಗ ಕುಪ್ಪಸ ಬೆನ್ನಿಗಂಟಿತ್ತು, ಹಣೆಯ ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು. ಈ ಸಲ ನಾನು ಚೆನ್ನಾಗಿತ್ತಾ ಎಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಎಳನೀರು ಕುಡಿಯುವ ಹಾಗೆ ಒಂದು ಚೊಂಬು ನೀರು ಕುಡಿದು ಮಲಗಿದಳು.

ಪವಾಡವೇನೂ ಆಗಲಿಲ್ಲ. ಗೆಣ್ಣು ಈಗಲೂ ಊದುತ್ತದೆ. ಆದರೆ ಶಿವರಾತ್ರಿಯ ಬೆಳಗ್ಗೆ ನಾನು ತಲೆ ಬಾಚಲು ಕರೆಯುತ್ತಾಳೆಂದು ಕಾದರೆ, ಅವಳು ಕಿಟಕಿಯ ಬಿಸಿಲ ಹತ್ತಿರ ಕೂತು ತಾನೇ ಜಡೆ ಹೆಣೆಯುತ್ತಿದ್ದಳು. ಅರ್ಧದವರೆಗೆ ಹೆಣೆದು, ಬೆರಳು ಸೋತಾಗ ಉಳಿದದ್ದನ್ನು ಹೆಗಲ ಮೇಲಿಂದ ನನ್ನ ಕಡೆಗೆ ಎಸೆದಳು. ಐದು ನಿಮಿಷ ಇದೆಯೇ ಎಂದು ಕೇಳಲಿಲ್ಲ.

ಆ ಸಂಜೆ ಅವಳಿಗೆ ಟವೆಲ್ ಕೊಡಲೆಂದು ಅವಸರದಲ್ಲಿ ಮೆಟ್ಟಿಲು ಹತ್ತಿ ಬಾಗಿಲು ತೆರೆದೆ. ಐದು ಅಡಿಯ ಬಾಗಿಲು, ಐದು ಅಡಿ ನಾಲ್ಕು ಇಂಚಿನ ನಾನು. ಚೌಕಟ್ಟು ಹಣೆಗೆ ಸರಿಯಾಗಿ ಬಡಿಯಿತು. ಕಣ್ಣಲ್ಲಿ ನೀರು ಬಂತು, ಕೋಪ ನೆತ್ತಿಗೇರಿತು.

"ಥೂ! ಯಾರ ಅಳತೆಗೆ ಕಟ್ಟಿದ್ದಾರೆ ಇದನ್ನ?" ಎಂದು ಕೂಗಿದೆ.

ಒಳಗಿನಿಂದ ಅಕ್ಕ ಹೇಳಿದಳು. "ನನ್ನ ಅಳತೆಗೆ."